ಮನೆಯೊಳಗಿನ ಕೆಲಸ, ಮನೆಯ ಹೊರಗಿನ ಧಣಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬೆಂಗಳೂರಿನ ಕಂಪೆನಿಗಳು ತಮ್ಮ ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿದವು. ನಗರದಲ್ಲಿ ಬಾಡಿಗೆ ಕೊಟ್ಟು ಕೂರುವುದೇಕೆಂದು ಸಾವಿರಾರು ಯುವಕ ಯುವತಿಯರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಮರಳಿದರು. 'ವರ್ಕ್ ಫ್ರಮ್ ಹೋಮ್' ಎಂಬ ಮಾತು ಹಳ್ಳಿಯ ಜಗಲಿಗೂ ಬಂತು. ಕಂಪೆನಿಗಳ ವ್ಯವಸ್ಥಾಪಕರಿಗೆ ಹೊಸ ಚಿಂತೆ ಹತ್ತಿಕೊಂಡಿತು. ಕಣ್ಣೆದುರು ಇಲ್ಲದ ನೌಕರ ಕೆಲಸ ಮಾಡುತ್ತಿದ್ದಾನೆಂದು ತಿಳಿಯುವುದು ಹೇಗೆ? ಅವನ ದುಡಿಮೆಯನ್ನು ಗಂಟೆಯಿಂದ ಅಳೆಯಬೇಕೋ, ಮುಗಿಸಿಕೊಟ್ಟ ಕೆಲಸದಿಂದ ಅಳೆಯಬೇಕೋ? ಕರೆಂಟು ಬಿಲ್ಲು ಯಾರು ಕಟ್ಟಬೇಕು? ಕೆಲಸ ಸರಿಯಿಲ್ಲವೆಂದು ಹೇಳುವ ಅಧಿಕಾರ ಯಾರದು?

ಇವುಗಳನ್ನು ಹೊಸ ಕಾಲದ ಹೊಸ ಪ್ರಶ್ನೆಗಳೆಂದು ಪತ್ರಿಕೆಗಳು ಬರೆದವು. ಆದರೆ ಕರ್ನಾಟಕದಲ್ಲಿ, ವಿಶೇಷವಾಗಿ ದಕ್ಷಿಣ ಕನ್ನಡ ಮತ್ತು ಮೈಸೂರಿನಲ್ಲಿ, ಈ ಪ್ರಶ್ನೆಗಳಿಗೆ ಹಲವು ದಶಕಗಳ ಹಿಂದೆಯೇ ಉತ್ತರ ಹುಡುಕಲಾಗಿತ್ತು. ಲಕ್ಷಾಂತರ ಹೆಣ್ಣುಮಕ್ಕಳು ತಮ್ಮ ಮನೆಯ ಚಾವಡಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಂದೂ ಕಾಣದ ಧಣಿಗಾಗಿ ಬೀಡಿ ಕಟ್ಟುತ್ತಿದ್ದರು. ಅವರನ್ನು 'ನೌಕರರು' ಎಂದು ಕರೆಯಬೇಕೇ ಬೇಡವೇ ಎಂಬ ವಿವಾದ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಮನೆಯಿಂದ ಕೆಲಸ ಮಾಡುವವರ ಬಗ್ಗೆ ಚರ್ಚಿಸುವ ಮೊದಲು ಆ ಚರಿತ್ರೆಯನ್ನೊಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ನುಗ್ಗೇಹಳ್ಳಿಯ ಕಲ್ಲಿನ ಮೇಲಿನ ಹೆಸರು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯವಿದೆ. ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅಲ್ಲಿನ ಹೊರಗೋಡೆಯ ಶಿಲ್ಪಗಳಲ್ಲಿ ಒಂದು ಬದಿಯವನ್ನು ಬೈಚೋಜನೂ ಇನ್ನೊಂದು ಬದಿಯವನ್ನು ಮಲ್ಲಿತಮ್ಮನೂ ಕೆತ್ತಿದರು. ಇದು ನಮಗೆ ತಿಳಿದದ್ದು ಅವರು ತಮ್ಮ ಕೆಲಸದ ಅಡಿಯಲ್ಲಿ ಹೆಸರು ಕೊರೆದದ್ದರಿಂದ. ಅಮೃತಾಪುರದಲ್ಲಿ, ಸೋಮನಾಥಪುರದಲ್ಲಿ ಕೂಡ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಹಣ ಕೊಟ್ಟವನ ಹೆಸರು ಶಾಸನದಲ್ಲಿ ಉಳಿದಂತೆ ಉಳಿ ಹಿಡಿದವನ ಹೆಸರೂ ಕಲ್ಲಿನಲ್ಲಿ ಉಳಿಯಿತು.

ಎಲ್ಲ ಕಸುಬಿನವರಿಗೂ ಈ ಭಾಗ್ಯ ಇರಲಿಲ್ಲವೆಂಬುದು ನಿಜ. ಆ ಗುಡಿಗೆ ಕಲ್ಲು ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೂ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಶಿಲ್ಪಿ ಕೆಲಸ ಮಾಡಿದ್ದು ಎಲ್ಲರ ಕಣ್ಣೆದುರು, ಗುಡಿಯ ಅಂಗಳದಲ್ಲಿ. ಕೆಲಸ ಯಾರದೆಂಬ ಬಗ್ಗೆ ಸಂಶಯಕ್ಕೆ ಎಡೆಯಿರಲಿಲ್ಲ. ಕೆಲಸ ಅಂಗಳದಿಂದ ಮನೆಯೊಳಗೆ ಹೋದಾಗ ದುಡಿದವರು ಯಾರು, ದುಡಿಸಿದವರು ಯಾರು ಎಂಬೆರಡೂ ಮರೆಯಾಗುತ್ತವೆ. ಮನೆಗೆಲಸದ ಕೈಗಾರಿಕೆಯ ಎಲ್ಲ ಜಗಳಗಳ ಬೇರು ಇಲ್ಲಿದೆ.

ಮುಂಗಡ ಮತ್ತು ತನಿಖೆ

ವ್ಯಾಪಾರಿ ಕಚ್ಚಾ ಮಾಲನ್ನೋ ಮುಂಗಡ ಹಣವನ್ನೋ ಕೊಡುವುದು, ಕಸುಬುದಾರ ತನ್ನ ಮನೆಯಲ್ಲಿ ಮಾಲು ತಯಾರಿಸಿ ಒಪ್ಪಿಸುವುದು ಹಳೆಯ ಪದ್ಧತಿ. ಬಂಗಾಳದ ನೇಕಾರರು ಇದನ್ನು 'ದಾದನಿ' ಎನ್ನುತ್ತಿದ್ದರು. ಮೊದಲು ಈಸ್ಟ್ ಇಂಡಿಯಾ ಕಂಪೆನಿ ದೇಶೀ ವರ್ತಕರ ಮೂಲಕ ಮುಂಗಡ ಹಂಚುತ್ತಿತ್ತು. 1753ರಲ್ಲಿ ಆ ವರ್ತಕರನ್ನು ಬದಿಗೆ ಸರಿಸಿ ತನ್ನದೇ ಗುಮಾಸ್ತರನ್ನು ನೇಮಿಸಿತು. ನೇಕಾರನ ಮಗ್ಗ ಅವನ ಮನೆಯಲ್ಲಿಯೇ ಉಳಿಯಿತು. ಆದರೆ ಯಾರಿಗೆ ಬಟ್ಟೆ ಕೊಡಬೇಕು, ಎಷ್ಟಕ್ಕೆ ಕೊಡಬೇಕು ಎಂಬುದು ಅವನ ಕೈ ತಪ್ಪಿತು.

ಇಂಗ್ಲೆಂಡಿನಲ್ಲಿಯೂ ಪರಿಸ್ಥಿತಿ ಬೇರೆ ಇರಲಿಲ್ಲ. ಅಲ್ಲಿ ಹಳ್ಳಿಯ ಹೆಂಗಸರು ವರ್ತಕರು ಕೊಟ್ಟ ಉಣ್ಣೆಯನ್ನು ಮನೆಯಲ್ಲಿ ನೂಲುತ್ತಿದ್ದರು. ನೂಲಿನಲ್ಲಿ ಕೊರತೆ ಬಿತ್ತು, ಉಣ್ಣೆ ಕದ್ದರು ಎಂದು ವರ್ತಕರು ದೂರಿದರು. 1777ರಲ್ಲಿ ಅಲ್ಲಿನ ಸಂಸತ್ತು ಯಾರ್ಕ್‌ಶೈರ್ ಮೊದಲಾದ ಪ್ರದೇಶಗಳಿಗೆ ಕಾಯಿದೆಯೊಂದನ್ನು ಮಾಡಿ, ಇಂಥ ಕೆಲಸಗಾರರ ಮೇಲೆ ಕಣ್ಣಿಡಲು ತನಿಖಾಧಿಕಾರಿಗಳನ್ನು ನೇಮಿಸುವ ವ್ಯವಸ್ಥೆ ಮಾಡಿತು. ಇಂದು ಕೆಲವು ಕಂಪೆನಿಗಳು ನೌಕರನ ಕಂಪ್ಯೂಟರಿನಲ್ಲಿ ತಂತ್ರಾಂಶ ಅಳವಡಿಸಿ, ಅವನ ಬೆರಳು ಎಷ್ಟು ಹೊತ್ತು ಆಡಿತೆಂದು ಲೆಕ್ಕ ಹಾಕುತ್ತವೆ. ಆ ತನಿಖಾಧಿಕಾರಿ ಬಾಗಿಲು ತಟ್ಟಿ ಬರಬೇಕಿತ್ತು. ಈ ತಂತ್ರಾಂಶಕ್ಕೆ ಅದರ ಅಗತ್ಯವೂ ಇಲ್ಲ.

ಬೀಡಿ ಬ್ರಾಂಚಿನ ಆಡಳಿತ

ಮಂಗಳೂರಿನಲ್ಲಿ ಭಾರತ್ ಬೀಡಿ ವರ್ಕ್ಸ್ ಆರಂಭವಾದದ್ದು 1930ರಲ್ಲಿ. ಮಂಗಳೂರು ಗಣೇಶ್ ಬೀಡಿ ಸಂಸ್ಥೆಯ ಪಾಲುದಾರಿಕೆ ಪತ್ರ 1940ರದ್ದು, ಅದರ ಕೇಂದ್ರ ಮೈಸೂರು. ಬೀಡಿಯ ಎಲೆ ಬರುತ್ತಿದ್ದುದು ದೂರದ ಮಧ್ಯಪ್ರದೇಶ, ಒಡಿಶಾ ಕಡೆಯ ಕಾಡುಗಳಿಂದ. ಹೊಗೆಸೊಪ್ಪು ನಿಪ್ಪಾಣಿ ಮತ್ತು ಗುಜರಾತಿನಿಂದ. ಇವೆರಡೂ ಬೆಳೆಯದ ಕರಾವಳಿಯಲ್ಲಿ ಈ ಉದ್ಯಮ ಬೇರೂರಿದ್ದಕ್ಕೆ ಇಲ್ಲಿನ ಮನೆಗಳಲ್ಲಿ ಸಿಗುತ್ತಿದ್ದ ದುಡಿಮೆಯೇ ಮುಖ್ಯ ಕಾರಣ. ಗದ್ದೆ ಕೆಲಸ ವರ್ಷವಿಡೀ ಇರದ ಬಡ ಕುಟುಂಬಗಳಿಗೆ, ಪರದೆಯ ಸಂಪ್ರದಾಯದಿಂದಾಗಿ ಹೊರಗೆ ಕೂಲಿಗೆ ಹೋಗಲಾಗದ ಮುಸ್ಲಿಮ್ ಹೆಣ್ಣುಮಕ್ಕಳಿಗೆ, ಸಣ್ಣ ಮಕ್ಕಳನ್ನು ಬಿಟ್ಟು ಹೊರಡಲಾಗದ ಎಲ್ಲ ಜಾತಿಗಳ ತಾಯಂದಿರಿಗೆ ಇದು ಆಸರೆಯಾಯಿತು.

ಈ ಕೆಲಸದ ಆಡಳಿತ ಹೇಗಿತ್ತು? ಊರಿಗೊಂದು ಬೀಡಿ ಬ್ರಾಂಚು, ಅದಕ್ಕೊಬ್ಬ ಗುತ್ತಿಗೆದಾರ. ಕಟ್ಟುವವಳಿಗೆ ಎಲೆ ಮತ್ತು ಹೊಗೆಸೊಪ್ಪನ್ನು ತೂಕ ಮಾಡಿ ಕೊಡುತ್ತಾರೆ. ಇಷ್ಟು ತೂಕಕ್ಕೆ ಇಷ್ಟು ಸಾವಿರ ಬೀಡಿ ಎಂಬ ಲೆಕ್ಕವಿದೆ. ಅವಳು ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, 25ರ ಕಟ್ಟುಗಳಾಗಿ ಮಾಡಿ ಬ್ರಾಂಚಿಗೆ ಒಪ್ಪಿಸುತ್ತಾಳೆ. ಅಲ್ಲಿ ಪರೀಕ್ಷೆ ನಡೆಯುತ್ತದೆ. ಸಪೂರವಾದದ್ದು, ಸಡಿಲವಾದದ್ದು, ಉದ್ದ ಹೆಚ್ಚು ಕಡಿಮೆಯಾದದ್ದು ಬದಿಗೆ ಹೋಗುತ್ತದೆ. ಉಳಿದದ್ದಕ್ಕೆ ಸಾವಿರಕ್ಕಿಷ್ಟು ಎಂದು ಮಜೂರಿ.

ಯಾರೂ ಅವಳ ಮನೆಗೆ ಬಂದು ಹೀಗೆ ಮಾಡು, ಹಾಗೆ ಮಾಡು ಎನ್ನುವುದಿಲ್ಲ. ಹಾಗೆ ಹೇಳುವ ಅಗತ್ಯವೇ ಬೀಳದಂತೆ ವ್ಯವಸ್ಥೆ ಇತ್ತು. ಸಾವಿರಕ್ಕೆ ಮಜೂರಿ ಎಂದಾಗ ಅವಳೇ ತನ್ನನ್ನು ಬೇಗ ಬೇಗ ದುಡಿಸಿಕೊಳ್ಳುತ್ತಾಳೆ. ತೂಕದ ಲೆಕ್ಕದಿಂದ ಮಾಲು ಪೋಲಾಗುವುದಿಲ್ಲ. ತಿರಸ್ಕಾರದ ಭಯದಿಂದ ಗುಣಮಟ್ಟ ಉಳಿಯುತ್ತದೆ. ಕಟ್ಟಡದ ಬಾಡಿಗೆ, ದೀಪ, ಕತ್ತರಿ, ಮೊರ ಎಲ್ಲವೂ ಅವಳದೇ. ದೂರದಿಂದ ದುಡಿಸುವ ವಿದ್ಯೆಯನ್ನು ಇಂದಿನ ಮ್ಯಾನೇಜ್‌ಮೆಂಟ್ ಶಾಲೆಗಳು ಪಾಠವಾಗಿ ಕಲಿಸುವ ಮೊದಲೇ ಬೀಡಿ ಬ್ರಾಂಚುಗಳು ಅದನ್ನು ಪೂರ್ತಿಯಾಗಿ ಅರಿತಿದ್ದವು.

ಇದರ ದುರುಪಯೋಗವೂ ಅಷ್ಟೇ ಸುಲಭವಾಗಿತ್ತು. ಕೊಟ್ಟ ಎಲೆ ಹಾಳಾಗಿದ್ದರೂ ಬೀಡಿ ಪೂರ್ತಿ ಬೇಕು. ಕೊರತೆ ಬಿದ್ದ ಎಲೆಯನ್ನು ಅವಳು ಅಂಗಡಿಯಿಂದ ಕೊಂಡು ತುಂಬಿಸಬೇಕು, ಇಲ್ಲವೇ ಮಜೂರಿಯಲ್ಲಿ ಕಡಿತ. ತಿರಸ್ಕರಿಸಿದ ಬೀಡಿಗೆ ಹಣವಿಲ್ಲ, ಬೀಡಿಯೂ ಹಿಂದಿರುಗುವುದಿಲ್ಲ. ಎಷ್ಟೋ ಕಡೆ ಒಂದೇ ಪುಸ್ತಕದ ಹೆಸರಿನಲ್ಲಿ ಅತ್ತೆ, ಸೊಸೆ, ಶಾಲೆಯಿಂದ ಬಂದ ಮಗಳು ಮೂವರೂ ಕಟ್ಟುತ್ತಿದ್ದರು. ಆ ಪುಸ್ತಕದಲ್ಲಿ ಕಾಣುತ್ತಿದ್ದವಳು ಒಬ್ಬಳೇ.

ಧಣಿ ಯಾರು?

ದುಡಿದವಳು ನ್ಯಾಯ ಕೇಳಬೇಕಾದರೆ ಮೊದಲು ಧಣಿ ಯಾರೆಂದು ತೋರಿಸಬೇಕು. ಬೀಡಿ ಸಂಸ್ಥೆ ಗುತ್ತಿಗೆದಾರನ ಕಡೆ ಬೆರಳು ತೋರಿಸುತ್ತಿತ್ತು. ಗುತ್ತಿಗೆದಾರ, ತಾನು ಬರೇ ಕಮಿಷನ್ನಿನವನು ಎನ್ನುತ್ತಿದ್ದ.

1958ರಲ್ಲಿ ಸುಪ್ರೀಮ್ ಕೋರ್ಟು ಮಧ್ಯಪ್ರದೇಶದ ಚಿಂತಾಮಣ್ ರಾವ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೊರಗೆ ಬೀಡಿ ಮಾಡಿಸಿ ತಂದು ಒಪ್ಪಿಸುವ ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರು, ಕಾರ್ಖಾನೆ ಕಾಯಿದೆಯ ಪ್ರಕಾರ ಅವರು ಕೆಲಸಗಾರರಲ್ಲ ಎಂದಿತು. ಮೂರು ವರ್ಷಗಳ ಬಳಿಕ, 1961ರಲ್ಲಿ, ನಾಗಪುರದ ಬಿರ್ಧೀಚಂದ್ ಶರ್ಮಾ ಪ್ರಕರಣ ಬಂತು. ಅಲ್ಲಿ ಬೀಡಿ ಕಟ್ಟುವವರು ಕಾರ್ಖಾನೆಗೆ ತಮಗೆ ಬೇಕಾದ ಹೊತ್ತಿಗೆ ಬಂದು ಹೋಗುತ್ತಿದ್ದರು, ಎಣಿಕೆಯ ಮೇಲೆ ಮಜೂರಿ ಪಡೆಯುತ್ತಿದ್ದರು. ಹಾಗಿದ್ದರೂ ಅವರು ಕೆಲಸಗಾರರೇ ಎಂದು ನ್ಯಾಯಾಲಯ ಹೇಳಿತು. ಪ್ರತಿ ಬೀಡಿ ಕಟ್ಟುವಾಗಲೂ ಪಕ್ಕದಲ್ಲಿ ನಿಂತು ನೋಡಬೇಕಿಲ್ಲ, ಕೊನೆಗೆ ಇದು ಸರಿಯಿಲ್ಲವೆಂದು ತಿರಸ್ಕರಿಸುವ ಹಕ್ಕು ಇದ್ದರೆ ಅದೂ ಹತೋಟಿಯೇ ಎಂಬುದು ಆ ತೀರ್ಪಿನ ಸಾರ. 1964ರಲ್ಲಿ ಮದರಾಸಿನ ದಿವಾನ್ ಮೊಹಿದೀನ್ ಸಾಹಿಬ್ ಬೀಡಿ ಸಂಸ್ಥೆಯ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಗದದಲ್ಲಿ ಸ್ವತಂತ್ರ ಗುತ್ತಿಗೆದಾರರೆಂದು ಬರೆಸಿಕೊಂಡ ಮಧ್ಯವರ್ತಿಗಳು ವಾಸ್ತವದಲ್ಲಿ ಸಂಸ್ಥೆಯ ಏಜೆಂಟರಷ್ಟೇ, ಅವರ ಕೈಕೆಳಗಿನವರು ಸಂಸ್ಥೆಯ ಕಾರ್ಮಿಕರು ಎಂಬ ನಿರ್ಣಯವನ್ನು ಎತ್ತಿಹಿಡಿಯಿತು.

ತಿರಸ್ಕಾರವು ಕೆಲಸಗಾರರ ಪಾಲಿಗೆ ದಬ್ಬಾಳಿಕೆಯ ಸಾಧನವಾಗಿತ್ತು. ನ್ಯಾಯಾಲಯ ಅದನ್ನೇ ಧಣಿತನದ ಸಾಕ್ಷಿಯನ್ನಾಗಿ ಹಿಡಿಯಿತು. 1973ರಲ್ಲಿ ಹೈದರಾಬಾದಿನ ದರ್ಜಿ ಅಂಗಡಿಯೊಂದರ ಪ್ರಕರಣದಲ್ಲಿಯೂ ಇದೇ ಬಗೆಯ ತರ್ಕ ಬಂತು. ಎಣಿಕೆಯ ಮೇಲೆ ಹೊಲಿಯುತ್ತಿದ್ದ, ಕೆಲವೊಮ್ಮೆ ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದ ದರ್ಜಿಗಳನ್ನು ನೌಕರರೆಂದೇ ಪರಿಗಣಿಸಲಾಯಿತು.

1966ರ ಕಾಯಿದೆ ಮತ್ತು ಅದರ ನಂತರ

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮಾಡಿತು. ಸಂಸ್ಥೆಯಿಂದಲೋ ಗುತ್ತಿಗೆದಾರನಿಂದಲೋ ಕಚ್ಚಾ ಮಾಲು ಪಡೆದು ಮನೆಯಲ್ಲಿ ಬೀಡಿ ಮಾಡುವವರನ್ನು 'ಮನೆ ಕೆಲಸಗಾರ' ಎಂದು ಹೆಸರಿಸಿ, ನೌಕರ ಎಂಬ ಪದದ ವ್ಯಾಖ್ಯೆಯೊಳಗೆ ಸೇರಿಸಿತು. ಕಚ್ಚಾ ಮಾಲಿನ ವಿತರಣೆ, ಬೀಡಿಯ ತಿರಸ್ಕಾರ, ತಿರಸ್ಕರಿಸಿದ ಬೀಡಿಯ ಮಜೂರಿ ಈ ಮೂರು ವಿಷಯಗಳ ವಿವಾದಗಳನ್ನು ತೀರ್ಮಾನಿಸಲು ದಾರಿ ತೋರಿಸಿತು. ತಿರಸ್ಕಾರ ಸಾಮಾನ್ಯವಾಗಿ ನೂರಕ್ಕೆ 5ನ್ನು ಮೀರಬಾರದೆಂದು ರಾಜ್ಯಗಳ ನಿಯಮಾವಳಿಗಳು ಮಿತಿ ಹಾಕಿದವು. ಚಾವಡಿಯಲ್ಲಿ ಕೂತವಳ ಸಮಸ್ಯೆ ಏನೆಂದು ಆ ಕಾಯಿದೆ ಬರೆದವರಿಗೆ ಗೊತ್ತಿತ್ತು.

ಉದ್ಯಮ ಸುಮ್ಮನೆ ಕೂರಲಿಲ್ಲ. ಕೇರಳ ಸರಕಾರ ಈ ಕಾಯಿದೆಯನ್ನು ಜಾರಿಗೆ ತರಲು ಹೊರಟಾಗ, 1968ರ ಅಕ್ಟೋಬರಿನಲ್ಲಿ ಗಣೇಶ್ ಬೀಡಿ ತನ್ನ ಕೇರಳದ ಘಟಕಗಳನ್ನು ಮುಚ್ಚಿತು. ಕಣ್ಣೂರು, ಕಾಸರಗೋಡು ಕಡೆಯ ಸುಮಾರು 12 ಸಾವಿರ ಕಾರ್ಮಿಕರು ಕೆಲಸ ಕಳಕೊಂಡರು. ಅವರಿಗಾಗಿ 1969ರ ಫೆಬ್ರವರಿ 15ರಂದು ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಅದು ಮನೆಗಳಿಗೆ ಕೆಲಸ ಕೊಡಲಿಲ್ಲ. ಶೆಡ್ಡುಗಳನ್ನು ಕಟ್ಟಿ ಎಲ್ಲರನ್ನೂ ಒಂದೆಡೆ ಕೂರಿಸಿತು. ಅಲ್ಲಿ ಒಬ್ಬ ದಿನಪತ್ರಿಕೆ ಓದಿ ಹೇಳುತ್ತಿದ್ದರೆ ಉಳಿದವರು ಬೀಡಿ ಕಟ್ಟುತ್ತಾ ಕೇಳುತ್ತಿದ್ದರು. ಮುಂದೆ ಅದು 30 ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟಿತು.

ಗಡಿಯ ಈಚೆ ಕರ್ನಾಟಕದಲ್ಲಿ ಮನೆಯ ಪದ್ಧತಿಯೇ ಉಳಿಯಿತು. ಶೆಡ್ಡಿನಲ್ಲಿ ಕೂತವರು ಒಟ್ಟಾಗಿ ಮಾತಾಡಬಲ್ಲರು, ಒಟ್ಟಾಗಿ ಕೆಲಸ ನಿಲ್ಲಿಸಬಲ್ಲರು. ಒಂದೊಂದು ಮನೆಯಲ್ಲಿ ಒಬ್ಬೊಬ್ಬಳಾಗಿ ಕೂತವಳಿಗೆ ಪಕ್ಕದ ಊರಿನ ಮಜೂರಿ ಎಷ್ಟೆಂದು ತಿಳಿಯುವುದೇ ಕಷ್ಟ. ಇಷ್ಟಿದ್ದರೂ ದಕ್ಷಿಣ ಕನ್ನಡದಲ್ಲಿ ಬೀಡಿ ಕಾರ್ಮಿಕರ ಸಂಘಗಳು ಬೆಳೆದವು. ವಾರಕ್ಕೊಮ್ಮೆ ಮಜೂರಿಗಾಗಿ, ಆಗಾಗ ಮಾಲು ಒಪ್ಪಿಸಲು ಹೆಂಗಸರು ಬ್ರಾಂಚಿನ ಜಗಲಿಯಲ್ಲಿ ಸೇರುತ್ತಿದ್ದರು. ಸಂಘಟನೆಗೆ ಸಿಕ್ಕಿದ್ದು ಆ ಜಗಲಿಯೊಂದೇ.

ಬೀಡಿ ಮಾಲಕರು ಕಾಯಿದೆಯ ಸಿಂಧುತ್ವವನ್ನೇ ಪ್ರಶ್ನಿಸಿದರು. 1974ರಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠ ಕಾಯಿದೆಯನ್ನು ಎತ್ತಿಹಿಡಿಯಿತು. ಆ ಪ್ರಕರಣ ಇಂದಿಗೂ ಕಾನೂನು ಪುಸ್ತಕಗಳಲ್ಲಿ 'ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಸರಕಾರ' ಎಂದೇ ಪ್ರಸಿದ್ಧ. ಗುತ್ತಿಗೆದಾರನನ್ನು ನಡುವೆ ನಿಲ್ಲಿಸಿ ಮುಖ್ಯ ಧಣಿ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂಬುದು ಅಲ್ಲಿಗೆ ಗಟ್ಟಿಯಾಯಿತು.

1976ರಲ್ಲಿ ಬೀಡಿಯ ಮೇಲೆ ಸೆಸ್ಸು ವಿಧಿಸಿ ಕಲ್ಯಾಣ ನಿಧಿ ಸ್ಥಾಪಿಸುವ ಕಾಯಿದೆಗಳು ಬಂದವು. ಗುರುತಿನ ಚೀಟಿ, ಮಕ್ಕಳಿಗೆ ವಿದ್ಯಾರ್ಥಿವೇತನ, ಚಿಕಿತ್ಸಾಲಯಗಳು, ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗಾಗಿ ಆಸ್ಪತ್ರೆ ಎಲ್ಲವೂ ಈ ನಿಧಿಯ ಫಲ. 1977ರಲ್ಲಿ ಭವಿಷ್ಯನಿಧಿ ಕಾಯಿದೆಯನ್ನು ಬೀಡಿ ಉದ್ಯಮಕ್ಕೆ ವಿಸ್ತರಿಸಲಾಯಿತು. ಮನೆಯಲ್ಲಿ ಕಟ್ಟುವವರಿಗೆ ಇದು ಅನ್ವಯಿಸದೆಂದು ಮಾಲಕರು ಮತ್ತೆ ನ್ಯಾಯಾಲಯಕ್ಕೆ ಹೋದರು. 1985ರ ಪಿ.ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಆಧಾರ ಮತ್ತೆ ಅದೇ, ತಿರಸ್ಕರಿಸುವ ಹಕ್ಕು.

ಲೇಬಲ್ಲಿನ ಬೆಲೆ

ಈ ತೀರ್ಪುಗಳ ನಿಜವಾದ ಅರ್ಥ ಲಾಗ್‌ಬುಕ್ ಎಂಬ ಸಣ್ಣ ಪುಸ್ತಕದಲ್ಲಿದೆ. ಅದರಲ್ಲಿ ಹೆಸರಿದ್ದವಳಿಗೆ ಭವಿಷ್ಯನಿಧಿ ಇತ್ತು, ಬೋನಸ್ ಇತ್ತು, ಪಿಂಚಣಿಯ ಆಸೆ ಇತ್ತು. ಹೆಸರಿಲ್ಲದವಳು ಎಷ್ಟು ಲಕ್ಷ ಬೀಡಿ ಕಟ್ಟಿದರೂ ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಆದ್ದರಿಂದಲೇ ಪುಸ್ತಕ ಕೊಡದೆ ಕೆಲಸ ಕೊಡುವುದು ಹೆಚ್ಚಿತು. ಇನ್ನೊಂದು ಉಪಾಯವೂ ಇತ್ತು. ಕಚ್ಚಾ ಮಾಲನ್ನು ಅವಳಿಗೆ 'ಮಾರಿದಂತೆ', ಬೀಡಿಯನ್ನು ಅವಳಿಂದ 'ಕೊಂಡಂತೆ' ಲೆಕ್ಕ ಬರೆದರೆ ಅವಳು ಸ್ವಂತ ಉದ್ಯೋಗಿಯಾಗಿಬಿಡುತ್ತಾಳೆ. 1966ರ ಕಾಯಿದೆಯೇ ತನ್ನ ಮನೆಯಲ್ಲಿ ಸ್ವಂತಕ್ಕೆ ಬೀಡಿ ಮಾಡುವವರನ್ನು ಹೊರಗಿಟ್ಟಿತ್ತು. ಆ ಬಾಗಿಲಿನಿಂದ ಅನೇಕರು ನುಣುಚಿಕೊಂಡರು.

ಗಣೇಶ್ ಬೀಡಿಯ ಪಾಲುದಾರಿಕೆ 1987ರಲ್ಲಿ ಕೊನೆಗೊಂಡಿತು. 1994ರಲ್ಲಿ ಆ ವ್ಯವಹಾರವನ್ನು ಪಾಲುದಾರರ ನಡುವೆಯೇ ಹರಾಜು ಹಾಕಿದಾಗ 92 ಕೋಟಿ ರೂಪಾಯಿಯ ಬಿಡ್ಡು ಬಂತು. ಲೇಬಲ್ಲಿನ, ಅಂದರೆ ಟ್ರೇಡ್‌ಮಾರ್ಕಿನ ಬೆಲೆಯನ್ನು ಆದಾಯ ತೆರಿಗೆಯಲ್ಲಿ ಹೇಗೆ ಕಳೆಯಬೇಕೆಂಬ ಪ್ರಶ್ನೆಯೂ ಸುಪ್ರೀಮ್ ಕೋರ್ಟಿಗೆ ಹೋಗಿ 2015ರಲ್ಲಿ ಇತ್ಯರ್ಥವಾಯಿತು. ಇದರಲ್ಲಿ ತಪ್ಪೇನಿಲ್ಲ. ವ್ಯಾಪಾರದಲ್ಲಿ ಹೆಸರಿಗೆ ಬೆಲೆಯಿದೆ. ಆದರೆ ಆ ಹೆಸರಿಗೆ ಬೆಲೆ ಬಂದದ್ದು ಪ್ರತಿ ಬೀಡಿಯೂ ಒಂದೇ ಹದದಲ್ಲಿ ಇದ್ದುದರಿಂದ. ಆ ಹದ ಸಾವಿರಾರು ಬೆರಳುಗಳದು. ನುಗ್ಗೇಹಳ್ಳಿಯ ಶಿಲ್ಪದ ಕೆಳಗೆ ಮಲ್ಲಿತಮ್ಮನ ಹೆಸರಿರುವಂತೆ ಬೀಡಿ ಕಟ್ಟಿನ ಮೇಲೆ ಅದನ್ನು ಕಟ್ಟಿದವಳ ಹೆಸರು ಇರಬೇಕೆಂದು ಯಾರೂ ಕೇಳಲಿಲ್ಲ. ಅವಳ ಹೆಸರು ಲಾಗ್‌ಬುಕ್ಕಿನಲ್ಲಾದರೂ ಇರಲಿ ಎಂಬುದಷ್ಟೇ ಬೇಡಿಕೆಯಾಗಿತ್ತು.

ಬೀಡಿಯ ಚರಿತ್ರೆಯನ್ನು ಹೊಗಳಿಕೆಯ ಕತೆಯಾಗಿ ಹೇಳಲಾಗದು. ಅದು ಸೇದಿದವರ ಶ್ವಾಸಕೋಶವನ್ನು ಹಾಳುಮಾಡಿತು. ಕಟ್ಟಿದವರ ಮನೆಯೊಳಗೆ, ಅಡುಗೆಯ ಪಕ್ಕದಲ್ಲಿ, ತೊಟ್ಟಿಲ ಬಳಿಯಲ್ಲಿ ಹೊಗೆಸೊಪ್ಪಿನ ಧೂಳನ್ನು ತುಂಬಿತು. 2003ರ ತಂಬಾಕು ನಿಯಂತ್ರಣ ಕಾಯಿದೆಯ ಬಳಿಕ ಉದ್ಯಮ ಇಳಿಮುಖವಾಗುತ್ತಾ ಬಂದಿದೆ, ಸಮಾಜದ ಆರೋಗ್ಯಕ್ಕೆ ಅದು ಒಳ್ಳೆಯದೇ. ಆದರೆ ಆ ಹಣದಿಂದ ಮಕ್ಕಳು ಓದಿದರು, ಮನೆಯ ಹುಲ್ಲಿನ ಮಾಡಿಗೆ ಹಂಚು ಬಂತು, ಹೆಣ್ಣುಮಕ್ಕಳು ತಮ್ಮ ಮದುವೆಯ ಚಿನ್ನವನ್ನು ತಾವೇ ದುಡಿದು ಮಾಡಿಸಿಕೊಂಡರು. ಕರಾವಳಿಯ ಬ್ಯಾರಿ ಸಮುದಾಯದ ಎಷ್ಟೋ ಪದವೀಧರರ ಹಿಂದೆ ಬೀಡಿ ಕಟ್ಟಿದ ಉಮ್ಮ ಇದ್ದಾರೆ. ಕೆಲಸ ಕಡಿಮೆಯಾದಾಗ ಆ ತಾಯಂದಿರಿಗೆ ಬದಲಿ ಏನು ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ಸಿಕ್ಕಿಲ್ಲ. ಜಿಎಸ್‌ಟಿ ಬಂದ 2017ರಲ್ಲಿ ಕಲ್ಯಾಣ ನಿಧಿಗೆ ಹಣ ತರುತ್ತಿದ್ದ ಸೆಸ್ಸೂ ರದ್ದಾಯಿತು.

ಇಂದಿನ ಮನೆಗೆಲಸ

ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಅವರು ಸ್ಥಾಪಿಸಿದ 'ಸೇವಾ' ಸಂಸ್ಥೆಯಂಥ ಸಂಘಟನೆಗಳ ಪ್ರಯತ್ನದಿಂದ, 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸದ ಕುರಿತ 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಮನೆಯಲ್ಲಿ ದುಡಿಯುವವರನ್ನು ಸಾಧ್ಯವಾದಷ್ಟು ಇತರ ಕೂಲಿಕಾರರಿಗೆ ಸಮನಾಗಿ ನಡೆಸಿಕೊಳ್ಳಬೇಕೆಂಬುದು ಅದರ ತಿರುಳು. ಭಾರತ ಅದನ್ನು ಅನುಮೋದಿಸಿಲ್ಲ.

ಕಂಪ್ಯೂಟರ್ ಯುಗದ ನೌಕರರಿಗೆ ನಿಯಮಗಳು ಬೇಗ ಬಂದವು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ರಜೆ ಮುಗಿದ ತಾಯಿ, ಕೆಲಸದ ಸ್ವರೂಪ ಒಪ್ಪಿದರೆ, ಮಾಲಕರೊಡನೆ ಮಾತಾಡಿಕೊಂಡು ಮನೆಯಿಂದ ದುಡಿಯಬಹುದೆಂದಿತು. 2022ರ ಜುಲೈಯಲ್ಲಿ ವಿಶೇಷ ಆರ್ಥಿಕ ವಲಯಗಳ ನಿಯಮಗಳಲ್ಲಿಯೂ ಮನೆಯಿಂದ ಕೆಲಸಕ್ಕೆ ಜಾಗ ಮಾಡಲಾಯಿತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೊಳಿಸಿದಾಗ 1966ರ ಬೀಡಿ ಕಾಯಿದೆಯೂ ಅವುಗಳಲ್ಲಿ ಲೀನವಾಯಿತು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 'ಮನೆಯಾಧಾರಿತ ಕೆಲಸಗಾರ' ಎಂಬ ವ್ಯಾಖ್ಯೆ ಇದೆ. ಆದರೆ ಅವರನ್ನು ಅಸಂಘಟಿತ ಕಾರ್ಮಿಕರ ಸಾಲಿನಲ್ಲಿ ಕೂರಿಸಲಾಗಿದೆ. ಹಿಂದೆ ಹೋರಾಡಿ ಪಡೆದ ನೌಕರ ಎಂಬ ಸ್ಥಾನ ಇದರಿಂದ ಸಡಿಲಗೊಳ್ಳದಂತೆ ಕಾರ್ಮಿಕ ಸಂಘಗಳು ಎಚ್ಚರ ವಹಿಸಬೇಕಾಗಿದೆ.

ಮೊಬೈಲ್ ಆ್ಯಪ್ ಮೂಲಕ ಊಟ, ಸಾಮಾನು ತಲಪಿಸುವ ಹುಡುಗರನ್ನು ಕಂಪೆನಿಗಳು 'ಪಾಲುದಾರರು' ಎನ್ನುತ್ತವೆ. ಇದು ಬೀಡಿಯ ಮಾರಿ-ಕೊಳ್ಳುವ ಲೆಕ್ಕದ ಹೊಸ ರೂಪ. ಗ್ರಾಹಕರು ಕೊಡುವ ನಕ್ಷತ್ರಗಳು ಕಡಿಮೆಯಾದರೆ ಅವರ ಕೆಲಸ ನಿಲ್ಲುತ್ತದೆ, ಅಂದರೆ ತಿರಸ್ಕರಿಸುವ ಹಕ್ಕು ಅಲ್ಲಿಯೂ ಇದೆ. ಕರ್ನಾಟಕ 2025ರಲ್ಲಿ ಇವರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾಯಿದೆ ಮಾಡಿದ್ದು ಸ್ವಾಗತಾರ್ಹ.

ಮನೆಯಿಂದ ಕೆಲಸ ಮಾಡಿಸುವ ಇಂದಿನ ಧಣಿಗಳು ಬೀಡಿ ಬ್ರಾಂಚಿನಿಂದ ಕಲಿಯಬೇಕಾದದ್ದು ಏನು? ಎಣಿಕೆಯ ಮೇಲೆ ಕೆಲಸ ಅಳೆಯುವುದಾದರೆ ಆ ಎಣಿಕೆ ಒಬ್ಬ ಸಾಧಾರಣ ಮನುಷ್ಯ ಎಂಟು ಗಂಟೆಯಲ್ಲಿ ಮಾಡುವಷ್ಟೇ ಇರಬೇಕು. ಇಲ್ಲವಾದರೆ ಮನೆಯ ಉಳಿದವರ ನಿದ್ದೆಯೂ ಆ ಲೆಕ್ಕದಲ್ಲಿ ಕರಗುತ್ತದೆ. ಕೆಲಸ ತಿರಸ್ಕರಿಸುವುದಾದರೆ ಕಾರಣವನ್ನು ಬರೆದು ಕೊಡಬೇಕು, ಅದನ್ನು ಪ್ರಶ್ನಿಸಲು ಮೂರನೆಯವರೊಬ್ಬರು ಇರಬೇಕು. ನೌಕರನ ಮನೆಯ ಜಾಗ, ಕರೆಂಟು, ಇಂಟರ್‌ನೆಟ್ ಬಳಸಿದರೆ ಅದಕ್ಕೆ ಹಣ ಕೊಡಬೇಕು. ತಿಂಗಳಿಗೊಮ್ಮೆಯಾದರೂ ನೌಕರರು ಒಬ್ಬರನ್ನೊಬ್ಬರು ಕಾಣುವ ಜಗಲಿಯೊಂದು ಇರಬೇಕು. ಎಲ್ಲಕ್ಕಿಂತ ಮೊದಲು, ದುಡಿದವರ ಹೆಸರು ಪುಸ್ತಕದಲ್ಲಿ ಇರಬೇಕು.

ಬಟ್ಟೆಗೆ ಗುಂಡಿ ಹಾಕುವ, ಸೀರೆಗೆ ಕುಚ್ಚು ಕಟ್ಟುವ, ಊದುಬತ್ತಿ ಹೊಸೆಯುವ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲಿ ಇಂದಿಗೂ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ತಮ್ಮ ಧಣಿ ಯಾರೆಂದೇ ಗೊತ್ತಿಲ್ಲ, ಮಾಲು ತಂದು ಕೊಡುವವನ ಪರಿಚಯವಷ್ಟೇ ಇದೆ. ಜಮಾಅತ್‌ಗಳು, ಮಹಿಳಾ ಮಂಡಳಿಗಳು, ಸ್ವಸಹಾಯ ಸಂಘಗಳು ತಮ್ಮ ವ್ಯಾಪ್ತಿಯಲ್ಲಿ ಇಂಥವರ ಪಟ್ಟಿಯೊಂದನ್ನು ಮಾಡಲಿ. ಯಾರು, ಯಾರಿಗಾಗಿ, ಎಷ್ಟಕ್ಕೆ ದುಡಿಯುತ್ತಿದ್ದಾರೆಂದು ಬರೆದಿಡಲಿ.